ಇಂಗ್ಲೆಂಡಿನಲ್ಲಿ ನೆರೆಯವರ ಹಿನ್ನೆಲೆಯನ್ನು ಪೊಲೀಸರಿಂದ ತಿಳಿಯುವ ಬಗೆ

ಮಗಳೊಂದಿಗೆ ಸಲುಗೆ ಬೆಳೆಸುತ್ತಿರುವ ನೆರೆಯಾತ ಹಿಂದೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕಾಗಿ ಶಿಕ್ಷೆ ಅನುಭವಿಸಿದವನೇ ಎಂದು ಪೊಲೀಸ್ ಠಾಣೆಯಲ್ಲಿ ಕೇಳಿದರೂ ಉತ್ತರ ಸಿಗಲಿಲ್ಲವೆಂದು ನೀವು ಬರೆದಿದ್ದೀರಿ. ಬಹುಶಃ ಕಾರಣ, ಇಂತಹ ಅಪರಾಧಿಗಳ ಪಟ್ಟಿ ಅಮೆರಿಕದಲ್ಲಿ ಸಾರ್ವಜನಿಕವಾಗಿದ್ದರೂ ಇಂಗ್ಲೆಂಡಿನಲ್ಲಿ ಹಾಗಿಲ್ಲ. ಆತ ಪಟ್ಟಿಯಲ್ಲಿರುವನೇ ಎಂಬುದನ್ನು ನಿಮ್ಮ ವಿವರಣೆಯಿಂದ ಹೇಳಲಾಗದು.

ಮೊದಲು ಪೊಲೀಸರ ತುರ್ತಲ್ಲದ ಸಂಖ್ಯೆ 101ಕ್ಕೆ ಕರೆ ಮಾಡಿ, ಮಗುವಿನ ಸಂಪರ್ಕದಲ್ಲಿರುವವರ ಹಿನ್ನೆಲೆಯನ್ನು ಪೊಲೀಸರಿಂದ ಕೇಳಿ ತಿಳಿಯಲು ಇರುವ, ‘ಸಾರಾ ಕಾನೂನು’ ಎಂದು ಹೆಸರಾದ ಮಾಹಿತಿ ಯೋಜನೆಯಡಿ ಅರ್ಜಿ ಸಲ್ಲಿಸಬೇಕೆಂದು ಸ್ಪಷ್ಟವಾಗಿ ತಿಳಿಸಿ. ಆತನ ಹೆಸರು, ವಿಳಾಸ, ಮಗಳನ್ನು ಭೇಟಿಯಾಗುವ ಸಂದರ್ಭಗಳು ಮತ್ತು ನಿಮ್ಮ ಗುರುತಿನ ದಾಖಲೆ ಸಿದ್ಧವಿರಲಿ. ಅಪಾಯವಿದೆಯೆಂದು ಕಂಡುಬಂದರೆ ಮಗುವನ್ನು ರಕ್ಷಿಸಬಲ್ಲವರಿಗೆ ಮಾತ್ರ ಮಾಹಿತಿ ನೀಡುತ್ತಾರೆ, ಅದನ್ನು ಗೋಪ್ಯವಾಗಿಡಬೇಕು.

ನೀವು ಕಂಡದ್ದನ್ನು ತಿಳಿಸುವುದೂ ದೊಡ್ಡ ಸಹಾಯವೇ. ಪಟ್ಟಿಯಲ್ಲಿರುವವರು ವಿಳಾಸ ಬದಲಾದರೆ 3 ದಿನಗಳೊಳಗೆ ಪೊಲೀಸರಿಗೆ ತಿಳಿಸಬೇಕು; ತಿಳಿಸದಿದ್ದರೆ ನೆರೆಯವರು ಕಂಡದ್ದರಿಂದ ಅದು ಬೆಳಕಿಗೆ ಬರಬಹುದು. ಪೊಲೀಸ್, ಪ್ರೊಬೇಷನ್ (ಬಿಡುಗಡೆಯಾದ ಅಪರಾಧಿಗಳ ಮೇಲ್ವಿಚಾರಣೆ) ಮತ್ತು ಕಾರಾಗೃಹ ಇಲಾಖೆಗಳು 2003ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯಡಿ ಒಟ್ಟಾಗಿ ನಿಗಾ ಇಡುವಾಗ ಇಂತಹ ಸಣ್ಣ ಸುಳಿವುಗಳು ನಿಜವಾಗಿಯೂ ಉಪಯುಕ್ತವಾಗುತ್ತವೆ. ಆದರೆ ದಯವಿಟ್ಟು ಆತನನ್ನು ನೇರವಾಗಿ ಪ್ರಶ್ನಿಸಬೇಡಿ, ವಾಟ್ಸಾಪ್ ಗುಂಪಿನಲ್ಲಿ ಹೆಸರು ಹರಡಬೇಡಿ. ನಿರಪರಾಧಿಗೆ ಅನ್ಯಾಯವಾಗಬಹುದು, ಅಪರಾಧಿಯಾಗಿದ್ದರೆ ಆತ ತಲೆಮರೆಸಿಕೊಂಡು ನಿಗಾವಣೆಯೇ ತಪ್ಪಿಹೋಗಬಹುದು.

ಉತ್ತರ ಬರುವವರೆಗೆ ಮಗಳನ್ನು ಆತನೊಂದಿಗೆ ಒಂಟಿಯಾಗಿ ಬಿಡಬೇಡಿ. ತಕ್ಷಣದ ಅಪಾಯ ಕಂಡರೆ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ.