ಕಾಂಡ್ಲಾ ನೆರಳಿನ ಅರೆಕೊಕ್ಕಿನ ಮೀನು

ಪ್ರಶ್ನೆ: ನಾನು ಸಿಂಗಪುರದಲ್ಲಿ ನೆಲೆಸಿರುವ ಕನ್ನಡಿಗ. ಇಲ್ಲಿನ ಸುಂಗೈ ಬುಲೋ ಕಾಂಡ್ಲಾ ಕಾಡಿನ ಸೇತುವೆಯ ಮೇಲಿಂದ ನೋಡಿದರೆ, ನೀರಿನ ಮೇಲ್ಮೈಗೆ ತಾಗಿಕೊಂಡೇ ಗುಂಪಾಗಿ ನಿಲ್ಲುವ ತೆಳ್ಳನೆಯ ಪುಟ್ಟ ಮೀನುಗಳು ಕಾಣಿಸುತ್ತವೆ. ಕೆಳದವಡೆ ಸೂಜಿಯಂತೆ ಮುಂದಕ್ಕೆ ಚಾಚಿದೆ, ಮೇಲ್ದವಡೆ ಮಾತ್ರ ಮೊಂಡು. ಇದು ಮುರಿದುಹೋದದ್ದೇ ಅಥವಾ ಇರುವುದೇ ಹೀಗೆಯೇ? ಇಂಥ ಕೊಕ್ಕಿನಿಂದ ಅದು ಏನನ್ನು ಹಿಡಿಯುತ್ತದೆ? ಮನೆಯ ಅಕ್ವೇರಿಯಂನಲ್ಲಿ ಸಾಕಬಹುದೇ? ನಮ್ಮ ಕುಂದಾಪುರದ ಅಳಿವೆಯಲ್ಲಿಯೂ ಇಂಥದೇ ಮೀನು ಬಲೆಗೆ ಬೀಳುತ್ತಿತ್ತು. ಅದೂ ಇದೂ ಒಂದೆಯೇ?

ಉತ್ತರ: ನಿಮ್ಮ ವಿವರಣೆಯನ್ನು ನೋಡಿದರೆ ಇದು ಝೆನಾರ್ಕೊಪ್ಟೆರಸ್ ಬಫೋನಿಸ್ ಎಂಬ ಅರೆಕೊಕ್ಕಿನ ಮೀನಾಗಿರುವ ಸಂಭವವೇ ಹೆಚ್ಚು. ಮಲಯ ಭಾಷಿಕರು ಅರೆಕೊಕ್ಕಿನ ಮೀನುಗಳನ್ನೆಲ್ಲ ಒಟ್ಟಾಗಿ ಜುಲುಂಗ್-ಜುಲುಂಗ್ ಎನ್ನುತ್ತಾರೆ. ಈ ಪ್ರಭೇದವನ್ನು ಫ್ರೆಂಚ್ ವಿಜ್ಞಾನಿ ವಲೆನ್ಸಿಯೆನ್ ಅವರು 1847ರಲ್ಲಿ ವರ್ಣಿಸಿ, ನಿಸರ್ಗ ವಿಜ್ಞಾನಿ ಬಫೋನ್ ಅವರ ಹೆಸರನ್ನು ಅದಕ್ಕಿಟ್ಟರು. ಭಾರತದಿಂದ ಉತ್ತರ ಆಸ್ಟ್ರೇಲಿಯಾ ಮತ್ತು ಸಾಲೊಮನ್ ದ್ವೀಪಗಳವರೆಗಿನ ಅಳಿವೆಗಳಲ್ಲಿ ಇದರ ವಾಸ. ಹೆಚ್ಚೆಂದರೆ 23 ಸೆಂಟಿಮೀಟರ್ ಬೆಳೆಯುತ್ತದೆ. ಮುಂದಿನ ಸಲ ಸೇತುವೆಯಿಂದ ಬಗ್ಗಿ ನೋಡುವಾಗ ಮೂತಿಯ ನಡುವೆ, ಮೂಗಿನ ಹೊಳ್ಳೆಗಳ ಮುಂದೆ, ಕಪ್ಪು ಪಟ್ಟಿಯೊಂದಿದೆಯೇ ಎಂದು ಗಮನಿಸಿ. ಇದ್ದರೆ ಗುರುತು ಬಹುಪಾಲು ಖಚಿತವಾದಂತೆ.

ಕೊಕ್ಕು ಮುರಿದದ್ದಲ್ಲ. ಮರಿಯಾಗಿದ್ದಾಗ ಎರಡೂ ದವಡೆಗಳು ಗಿಡ್ಡವಾಗಿಯೇ ಇರುತ್ತವೆ. ಬೆಳೆಯುತ್ತ ಹೋದಂತೆ ಕೆಳದವಡೆಯೊಂದೇ ಮುಂದಕ್ಕೆ ನೀಳವಾಗುತ್ತದೆ. ಎರಡೂ ದವಡೆಗಳು ಉದ್ದವಾಗಿರುವ ಸೂಜಿಮೀನುಗಳಲ್ಲಿ ಬಹುತೇಕ ಪ್ರಭೇದಗಳು ಎಳೆಯ ವಯಸ್ಸಿನಲ್ಲಿ ಇದೇ ಅರೆಕೊಕ್ಕಿನ ಹಂತವನ್ನು ದಾಟಿಯೇ ಬೆಳೆಯುವುದರಿಂದ, ಅರೆಕೊಕ್ಕಿನ ಮೀನನ್ನು ಸೂಜಿಮೀನಿನ ಮರಿಯೆಂದು ಭಾವಿಸುವವರು ಇದ್ದಾರೆ. ಈ ಎರಡೂ ಗುಂಪುಗಳು, ಜೊತೆಗೆ ಹಾರುವ ಮೀನುಗಳು ಕೂಡ, ಹತ್ತಿರದ ಬಂಧುಗಳೆಂಬುದು ನಿಜ. ಆದರೆ ನೀವು ಕಂಡ ಮೀನು ಸೇರಿರುವ ಶಾಖೆಯನ್ನು 2004ರ ವಂಶಾವಳಿ ಅಧ್ಯಯನದ ನಂತರ ಪ್ರತ್ಯೇಕ ಕುಟುಂಬವೆಂದೇ ಪರಿಗಣಿಸಲಾಗುತ್ತಿದೆ.

ಇನ್ನು ಆಹಾರ. ಕೊಕ್ಕನ್ನು ಕಂಡವರೆಲ್ಲ ಅದು ಇರಿಯುವ ಆಯುಧವೆಂದೇ ಊಹಿಸುತ್ತಾರೆ. ಆದರೆ ಈ ಮೀನು ಯಾವುದನ್ನೂ ಇರಿಯುವುದಿಲ್ಲ. ಬಾಯಿ ಇರುವುದು ಕೊಕ್ಕಿನ ತುದಿಯಲ್ಲಲ್ಲ, ಬುಡದಲ್ಲಿ. ಮೇಲ್ದವಡೆ ಮತ್ತು ಅದಕ್ಕೆ ಎದುರಾಗಿರುವ ಕೆಳದವಡೆಯ ಚಿಕ್ಕ ಭಾಗದಲ್ಲಷ್ಟೇ ಪುಟ್ಟ ಹಲ್ಲುಗಳಿದ್ದು, ಮುಂದೆ ಚಾಚಿರುವ ಭಾಗಕ್ಕೆ ಹಲ್ಲುಗಳಿಲ್ಲ. ಮೇಲ್ಮುಖವಾಗಿ ತೆರೆದುಕೊಳ್ಳುವ ಇಂಥ ಬಾಯಿಗೆ ಅನುಕೂಲವಾದ ಆಹಾರವೆಂದರೆ ನೀರಿನ ಮೇಲೆ ತೇಲುವಂಥದು. ಬಾಗಿದ ಕಾಂಡ್ಲಾ ಕೊಂಬೆಗಳಿಂದ ಉದುರುವ ಇರುವೆ, ನೊಣ ಮತ್ತಿತರ ಪುಟ್ಟ ಕೀಟಗಳು ಈ ಮೀನಿನ ಊಟದಲ್ಲಿ ದೊಡ್ಡ ಪಾಲು ಪಡೆದಿವೆ. ನೀರಿನ ಸೆಳೆತಕ್ಕೆ ಮುಖವೊಡ್ಡಿ ಗುಂಪು ನಿಂತಿರುವಾಗ ಮೇಲಿಂದ ಇರುವೆಯೊಂದು ಬಿದ್ದರೆ ಏನಾಗುತ್ತದೆಂದು ನೋಡಿ: ಹತ್ತಿರವಿದ್ದ ಮೀನು ಒಮ್ಮೆಲೇ ತಿರುಗಿ, ಮೂತಿಯನ್ನು ತುಸುವೇ ಮೇಲೆತ್ತಿ, ಅದನ್ನು ನುಂಗಿ, ಮತ್ತೆ ಮೊದಲಿನ ಜಾಗಕ್ಕೆ ಬಂದು ನಿಲ್ಲುತ್ತದೆ. ಬೆನ್ನಿನ ಮತ್ತು ಗುದದ ರೆಕ್ಕೆಗಳೆರಡೂ ಬಾಲದ ಹತ್ತಿರಕ್ಕೆ ಸರಿದಿರುವುದು ಈ ಬಗೆಯ ದಿಢೀರ್ ನೆಗೆತಕ್ಕೆ ನೆರವಾಗುತ್ತದೆ. ಅದೇ ಕಾಲುವೆಗಳಲ್ಲಿರುವ ಬಿಲ್ಲುಗಾರ ಮೀನು ನೀರನ್ನು ಚಿಮ್ಮಿಸಿ ಎಲೆಯ ಮೇಲಿನ ಕೀಟವನ್ನು ಕೆಡವುತ್ತದೆ. ಅರೆಕೊಕ್ಕಿನದಕ್ಕೆ ಆ ವಿದ್ಯೆಯಿಲ್ಲ, ಬಿದ್ದದ್ದೇ ಅದರ ಪಾಲು.

ಹಾಗಾದರೆ ಕೊಕ್ಕು ಏತಕ್ಕೆ? ಅದು ಬಹುಶಃ ಸಂವೇದನಾಂಗ. ನೀರಿನ ಸೂಕ್ಷ್ಮ ಅಲುಗಾಟವನ್ನು ಗ್ರಹಿಸುವ ಪಾರ್ಶ್ವರೇಖೆಯ ನಾಳವೊಂದು ಕೆಳದವಡೆಯ ಉದ್ದಕ್ಕೂ ಸಾಗುತ್ತದೆ. ನ್ಯೂಜಿಲೆಂಡಿನ ಪೈಪರ್ ಎಂಬ ಸಮುದ್ರವಾಸಿ ಅರೆಕೊಕ್ಕಿನ ಮೀನಿನ ಅಧ್ಯಯನದಲ್ಲಿ, ಕತ್ತಲಲ್ಲಿ ಸೂಕ್ಷ್ಮ ಜೀವಿಗಳನ್ನು ಪತ್ತೆ ಹಚ್ಚಲು ಈ ಏರ್ಪಾಡು ನೆರವಾಗುತ್ತದೆಂದು ತಿಳಿದುಬಂದಿದೆ. ಕಾಂಡ್ಲಾ ಕಾಲುವೆಗಳ ನೀರು ಯಾವಾಗಲೂ ಕೆಸರಿನಿಂದ ಕದಡಿರುವುದರಿಂದ, ಕಣ್ಣಿಗಿಂತ ಮುಂದಕ್ಕೆ ಚಾಚಿಕೊಂಡ ಇಂಥ ಅಂಗ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆಂದು ಭಾವಿಸುವುದು ಸಮಂಜಸವೆಂದು ನನ್ನ ಅಭಿಪ್ರಾಯ. ಇನ್ನೊಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ: ಈ ಮೀನಿಗೆ ಜಠರವೇ ಇಲ್ಲ. ಗಂಟಲಿನೊಳಗಿನ ಹಲ್ಲುಳ್ಳ ಮೂಳೆಗಳು ಆಹಾರವನ್ನು ಅರೆದು ನೇರವಾದ ಕರುಳಿಗೆ ದಾಟಿಸುತ್ತವೆ.

ಗಂಡು ಹೆಣ್ಣುಗಳನ್ನು ಗುರುತಿಸುವುದು ಸುಲಭ. ಬೆಳೆದ ಗಂಡಿನ ಗುದರೆಕ್ಕೆಯ ಕೆಲವು ಕಡ್ಡಿಗಳು ಮಾರ್ಪಟ್ಟು, ಹೆಣ್ಣಿನ ದೇಹದೊಳಗೇ ಮೊಟ್ಟೆಗಳನ್ನು ಫಲಿತಗೊಳಿಸಲು ನೆರವಾಗುವ ಅಂಗದ ರೂಪ ತಾಳಿರುತ್ತವೆ. ಬಳಿಕ ಹೆಣ್ಣು ಫಲಿತ ಮೊಟ್ಟೆಗಳನ್ನೇ ಇಡುತ್ತದೆ. ಇದೇ ಕುಟುಂಬದ ಡರ್ಮೊಜೆನಿಸ್ ಮತ್ತು ನೊಮೊರಾಂಫಸ್ ಕುಲಗಳ ಮೀನುಗಳಾದರೋ ಮರಿಗಳನ್ನೇ ಹಾಕುತ್ತವೆ.

ಸಾಕುವ ವಿಚಾರದಲ್ಲಿ ನನ್ನ ಉತ್ತರ ಸ್ಪಷ್ಟವಾಗಿ ಬೇಡ ಎಂಬುದು. ಸುಂಗೈ ಬುಲೋ 2002ರಿಂದ ರಕ್ಷಿತ ನಿಸರ್ಗಧಾಮವಾಗಿದ್ದು, ಅಲ್ಲಿಂದ ಯಾವ ಜೀವಿಯನ್ನೂ ಹಿಡಿದು ತರುವಂತಿಲ್ಲ. ಕಾನೂನು ಹಾಗಿರಲಿ, ಬೆದರಿದಾಗ ನೀರಿನಿಂದ ಹಾರುವುದು ಮತ್ತು ಗಾಜಿಗೆ ಢಿಕ್ಕಿ ಹೊಡೆದು ಕೊಕ್ಕಿಗೆ ಪೆಟ್ಟು ಮಾಡಿಕೊಳ್ಳುವುದು ಅರೆಕೊಕ್ಕಿನ ಮೀನುಗಳ ಸ್ವಭಾವ. ಆಸೆ ತಡೆಯಲಾಗದಿದ್ದರೆ ಅಂಗಡಿಗಳಲ್ಲಿ ಸಿಗುವ, ಸುಮಾರು 7 ಸೆಂಟಿಮೀಟರಿನ ಡರ್ಮೊಜೆನಿಸ್ ಪುಸಿಲ್ಲಾ ಮೀನನ್ನು ಅಗಲವಾದ, ಮುಚ್ಚಳವುಳ್ಳ ತೊಟ್ಟಿಯಲ್ಲಿ, ಮೇಲೆ ತೇಲುವ ಗಿಡಗಳ ನೆರಳು ಕೊಟ್ಟು ಸಾಕಬಹುದು. ಗಂಡುಗಳನ್ನು ಹಲವು ಸಂಖ್ಯೆಯಲ್ಲಿ ಕೂಡಿಹಾಕಬೇಡಿ. ಅವು ದವಡೆಗೆ ದವಡೆ ಸಿಕ್ಕಿಸಿ ಕಾದಾಡುತ್ತವೆ. ಥಾಯ್ಲೆಂಡಿನಲ್ಲಿ ಈ ಕಾಳಗಕ್ಕೆ ಪಣ ಕಟ್ಟುವ ರೂಢಿಯೂ ಇದೆ.

ಕೊನೆಯದಾಗಿ ಕುಂದಾಪುರದ ಪ್ರಶ್ನೆ. ನಮ್ಮ ಕರಾವಳಿಯ ಅಳಿವೆಗಳಲ್ಲಿ ಬಲೆಗೆ ಸಿಗುವ ಅರೆಕೊಕ್ಕಿನ ಮೀನುಗಳಲ್ಲಿ ಹೈಪೋರಾಂಫಸ್ ಕುಲದವು ಇದ್ದು, ಅವು ಬೇರೆಯೇ ಕುಟುಂಬಕ್ಕೆ ಸೇರುತ್ತವೆ. ಝೆನಾರ್ಕೊಪ್ಟೆರಸ್ ಕುಲ ಭಾರತಕ್ಕೆ ಅಪರಿಚಿತವೇನಲ್ಲ. ಅದರ ಒಂದು ಪ್ರಭೇದವಾದ ಎಕ್ಟುಂಟಿಯೊವನ್ನು ಗಂಗೆಯ ಮೀನುಗಳ ಕುರಿತ ತಮ್ಮ 1822ರ ಗ್ರಂಥದಲ್ಲಿ ವರ್ಣಿಸಿದವರು ಫ್ರಾನ್ಸಿಸ್ ಹ್ಯಾಮಿಲ್ಟನ್, ಅಂದರೆ ಟಿಪ್ಪುವಿನ ಪತನದ ನಂತರ 1800-01ರಲ್ಲಿ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿ ವರದಿ ಬರೆದ ಅದೇ ಬುಕಾನನ್. ಊರಿಗೆ ಹೋದಾಗ ಕುಂದಾಪುರದ ಪಂಚಗಂಗಾವಳಿ ಅಳಿವೆಯ ಮೀನು ಕೈಗೆ ಸಿಕ್ಕರೆ ಎರಡು ಗುರುತುಗಳನ್ನು ನೋಡಿ. ಬಾಲ ಕವಲಾಗಿದ್ದರೆ ಇಲ್ಲವೇ ನಡುವೆ ಒಳಬಾಗಿದ್ದರೆ, ಮೂಗಿನ ಕುಳಿಯೊಳಗಿನ ಮಾಂಸದ ಕುಡಿ ಹೊರಕ್ಕೆ ಚಾಚಿರದಿದ್ದರೆ ಅದು ಹೈಪೋರಾಂಫಸ್. ಬಾಲ ದುಂಡಗೆ ಅಥವಾ ನೇರವಾಗಿ ಕತ್ತರಿಸಿದಂತೆ ಇದ್ದು, ಕಣ್ಣಿನ ಮುಂದಿನ ಆ ಕುಡಿ ಚೂಪಾಗಿ ಕುಳಿಯಿಂದ ಹೊರಬಂದಿದ್ದರೆ ಅದು ಸಿಂಗಪುರದಲ್ಲಿ ನೀವು ಕಂಡ ಮೀನಿನ ಕುಲದ್ದೇ.