ಕೆಲಸ ಬಿಟ್ಟು ಪಿಎಚ್‌ಡಿಗೆ ಹೋಗಲೇ, ಮಾಸ್ಟರ್ಸ್ ಸಾಕೇ?

ಪ್ರಶ್ನೆ: ನಮಸ್ಕಾರ. ಆರು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಬೇಸರ ಬಂದಿದೆ. ಮೆಷಿನ್ ಲರ್ನಿಂಗ್‌ನಲ್ಲಿ ಪಿಎಚ್‌ಡಿ ಮಾಡುವ ಆಸೆ. ಮನೆಯವರು ಮಾಸ್ಟರ್ಸ್ ಸಾಕು ಅನ್ನುತ್ತಾರೆ. ಗಣಿತ ಪೂರ್ತಿ ಮರೆತುಹೋಗಿದೆ. ಏನು ಮಾಡಲಿ?

ಉತ್ತರ: ಬೇಸರ ಕೆಲಸದ ಮೇಲೋ, ಕಂಪನಿಯ ಮೇಲೋ? ಮೊದಲು ಅದನ್ನು ಬಗೆಹರಿಸಿಕೊಳ್ಳಿ. ಕಂಪನಿಯ ಮೇಲಾದರೆ ಬೇರೆ ಕಂಪನಿ ನೋಡಿ, ಪಿಎಚ್‌ಡಿಗೆ ಹೋಗುವ ಐದಾರು ವರ್ಷ ಉಳಿಯುತ್ತದೆ.

ಮಾಸ್ಟರ್ಸ್‌ನಲ್ಲಿ ಪಾಠ ಇದೆ, ಪರೀಕ್ಷೆ ಇದೆ, ಸಾಮಾನ್ಯವಾಗಿ ಎರಡು ವರ್ಷದೊಳಗೆ ಮುಗಿಯುತ್ತದೆ. ಪಿಎಚ್‌ಡಿಯಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ ಗೈಡ್‌ಗೂ ಗೊತ್ತಿರುವುದಿಲ್ಲ. ತಿಂಗಳುಗಟ್ಟಲೆ ಪ್ರಯೋಗ ಮಾಡಿ, ಕೊನೆಗೆ ಹಳೇ ಸರಳ ವಿಧಾನವೇ ನಿಮ್ಮದಕ್ಕಿಂತ ಚೆನ್ನಾಗಿದೆ ಅಂತ ಗೊತ್ತಾಗುವುದು ಅಲ್ಲಿ ಮಾಮೂಲು. ಇದನ್ನು ತಡೆದುಕೊಳ್ಳುತ್ತೀರಾ ಅನ್ನುವುದೇ ನಿಜವಾದ ಪ್ರಶ್ನೆ, ಮತ್ತೆ ಅದನ್ನು ಕೆಲಸ ಬಿಡುವ ಮೊದಲೇ ಪರೀಕ್ಷಿಸಬಹುದು.

1991ರಿಂದ ನಡೆಯುತ್ತಿರುವ ಆರ್ಕೈವ್ (arXiv.org) ತಾಣದಲ್ಲಿ ಸಂಶೋಧನಾ ಪೇಪರ್‌ಗಳು ಉಚಿತವಾಗಿ ಸಿಗುತ್ತವೆ. ಇಷ್ಟದ ವಿಷಯದಲ್ಲಿ ಒಂದು ಚಿಕ್ಕ ಪೇಪರ್ ಆರಿಸಿ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡುವಂಥದ್ದು. ಮೊದಲ ಸಲ ಸಾರಾಂಶ, ಚಿತ್ರ, ಟೇಬಲ್ ಅಷ್ಟೇ ನೋಡಿ, ಸಮೀಕರಣ ಎರಡನೇ ಸಲಕ್ಕಿರಲಿ. ಆಮೇಲೆ ಲೇಖಕರ ಕೋಡ್ ಮುಟ್ಟದೆ ನೀವೇ ಬರೆದು, ಅವರ ಟೇಬಲ್ಲಿನ ಅಂಕಿ ನಿಮಗೂ ಬರುತ್ತದಾ ನೋಡಿ. ಮೊದಲ ಸಲಕ್ಕೆ ಬರುವುದು ಅಪರೂಪ. ಲರ್ನಿಂಗ್ ರೇಟ್ (ಕಲಿಯುವಾಗ ಮಾಡೆಲ್ ಪ್ರತಿ ಸಲ ಎಷ್ಟು ಬದಲಾಗಬೇಕು ಅನ್ನುವ ಅಂಕಿ) ತಪ್ಪಾ, ರ‍್ಯಾಂಡಮ್ ಸೀಡ್ (ಯಾದೃಚ್ಛಿಕ ಸಂಖ್ಯೆಗಳು ಶುರುವಾಗುವ ಅಂಕಿ) ಬದಲಾಗಿದ್ದಕ್ಕಾ, ಡೇಟಾವನ್ನು ಅವರು ಏನೋ ಸೋಸಿ ಅದನ್ನು ಬರೆಯದೇ ಬಿಟ್ಟರಾ ಅಂತ ಹುಡುಕುತ್ತಾ ಶನಿವಾರ ಭಾನುವಾರ ಹೋಗಿದ್ದೇ ಗೊತ್ತಾಗದಿದ್ದರೆ ಪಿಎಚ್‌ಡಿಗೆ ಅರ್ಜಿ ಹಾಕಿ. ಅದರ ಬದಲು ‘ಇದನ್ನು ಯಾವ ಪ್ರಾಡಕ್ಟ್‌ಗೆ ಹಾಕಬಹುದು’ ಅಂತ ತಲೆ ಓಡಿದರೆ ಮಾಸ್ಟರ್ಸ್ ಸರಿ. ಅದೇನು ಕೆಳಗಿನ ಮೆಟ್ಟಿಲಲ್ಲ.

ಗಣಿತಕ್ಕೆ ಹೆದರಬೇಡಿ. ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ, ಸ್ವಲ್ಪ ಕ್ಯಾಲ್ಕುಲಸ್‌ನಿಂದ ಶುರು ಮಾಡಿ. ಎರಡು ಪದರದ ನ್ಯೂರಲ್ ನೆಟ್‌ವರ್ಕ್‌ಗೆ ಬ್ಯಾಕ್‌ಪ್ರಾಪಗೇಶನ್ ಅನ್ನು, ಅಂದರೆ ಉತ್ತರದ ತಪ್ಪಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಒಳಗಿನ ಅಂಕಿಗಳನ್ನು ಎಷ್ಟು ತಿದ್ದಬೇಕು ಅಂತ ಕಂಡುಹಿಡಿಯುವುದನ್ನು, ಕ್ಯಾಲ್ಕುಲಸ್ಸಿನ ಚೈನ್ ರೂಲ್ ಹಾಕಿ ಕಾಗದದ ಮೇಲೆ ಬಿಡಿಸುವಷ್ಟಾದರೆ ಆರಂಭಕ್ಕೆ ಸಾಕು.

ಇನ್ನೊಂದು. ವಿಷಯಕ್ಕಿಂತ ಗೈಡ್ ಮುಖ್ಯ. ವಿಷಯ ದಾರಿಯಲ್ಲಿ ಹೇಗೂ ಬದಲಾಗುತ್ತದೆ, ಗೈಡ್ ಬದಲಾಯಿಸುವುದು ಕಷ್ಟ. ಅವರ ಈಗಿನ ವಿದ್ಯಾರ್ಥಿಗಳನ್ನು ಕೇಳಿ, ಅರ್ಧಕ್ಕೆ ಬಿಟ್ಟವರು ಸಿಕ್ಕರೆ ಅವರನ್ನೂ ಕೇಳಿ: ವಾರಕ್ಕೊಮ್ಮೆಯಾದರೂ ಸಿಗುತ್ತಾರಾ, ಬರೆದಿದ್ದನ್ನು ಓದುತ್ತಾರಾ, ಸ್ಟೈಪೆಂಡ್ ಎಷ್ಟು ವರ್ಷ ಬರುತ್ತದೆ? ಹೆಸರು ಮಾತ್ರ ನೋಡಿ ಹೋಗಬೇಡಿ.

ಪ್ರಶ್ನೆ: ಪಿಎಚ್‌ಡಿ ಎರಡನೇ ವರ್ಷ. ನನ್ನ ಪೇಪರನ್ನು ಎರಡು ಸಮ್ಮೇಳನಗಳು ತಿರಸ್ಕರಿಸಿವೆ. ಬಿಟ್ಟುಬಿಡಲೇ?

ಉತ್ತರ: ಬಿಡುವ ಮಾತು ಆಮೇಲೆ. ಬೇರೆ ಎಷ್ಟೋ ವಿಷಯಗಳಲ್ಲಿ ಜರ್ನಲ್‌ಗೆ ಬೆಲೆ ಜಾಸ್ತಿ, ಕಂಪ್ಯೂಟರ್ ಸೈನ್ಸ್‌ನಲ್ಲಿ ಸಮ್ಮೇಳನಕ್ಕೆ. ಅಲ್ಲಿ ಅದೃಷ್ಟದ ಪಾಲೂ ಇದೆ, ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಈಗ ನ್ಯೂರಿಪ್ಸ್ ಎಂದು ಕರೆಯುವ ಮೆಷಿನ್ ಲರ್ನಿಂಗ್ ಸಮ್ಮೇಳನದವರು 2014ರಲ್ಲಿ 166 ಪೇಪರ್‌ಗಳನ್ನು ಎರಡು ಬೇರೆ ಬೇರೆ ಸಮಿತಿಗಳಿಗೆ ಕೊಟ್ಟು ನೋಡಿದರು. 43 ಪೇಪರ್‌ಗಳಲ್ಲಿ ತೀರ್ಪು ಉಲ್ಟಾ ಬಂತು. ಒಂದು ಸಮಿತಿ ಒಪ್ಪಿದವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇನ್ನೊಂದರಲ್ಲಿ ಬಿದ್ದುಹೋದವು.

ಹಾಗಂತ ಎಲ್ಲಾ ತಪ್ಪನ್ನೂ ಸಮಿತಿಯ ತಲೆಗೆ ಕಟ್ಟುವ ಹಾಗಿಲ್ಲ. ಎರಡೂ ಕಡೆಯ ವಿಮರ್ಶೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿ. ದೂರು ಒಂದೇ ಆಗಿದ್ದರೆ, ಉದಾಹರಣೆಗೆ ಹೋಲಿಕೆಗೆ ತೆಗೆದುಕೊಂಡ ವಿಧಾನ ದುರ್ಬಲ ಅಂತ ಇಬ್ಬರೂ ಹೇಳಿದ್ದರೆ, ಮತ್ತೆ ಕಳಿಸುವ ಮೊದಲು ಆ ಪ್ರಯೋಗ ಮಾಡಲೇಬೇಕು. ಒಬ್ಬೊಬ್ಬರದು ಒಂದೊಂದು ಮಾತಾದರೆ ಪೀಠಿಕೆಯನ್ನು ಹೊಸದಾಗಿ ಬರೆಯಿರಿ, ನಿಮ್ಮ ವಿಷಯದವರಲ್ಲದ ಲ್ಯಾಬಿನ ಗೆಳೆಯರೊಬ್ಬರಿಗೆ ಓದಲು ಕೊಡಿ, ಮುಂದಿನ ಡೆಡ್‌ಲೈನ್‌ಗೆ ಕಳಿಸಿ.