ಅವಳಿ ಮಕ್ಕಳಿಗೆ ಎದೆಹಾಲು ಸಾಲುತ್ತಾ?

ಪ್ರಶ್ನೆ: ನನ್ನ ಅವಳಿ ಮಕ್ಕಳಿಗೆ ಒಂದು ತಿಂಗಳು. ಇಬ್ಬರಿಗೂ ಹಾಲು ಸಾಲಲ್ಲ, ಡಬ್ಬಿ ಹಾಲು ಕೊಡು ಅಂತಾರೆ ಅತ್ತೆ. ಏನು ಮಾಡಲಿ?
— ಓದುಗರು, ಹಾಸನ

ಉತ್ತರ: ಬಾಣಂತಿಯರ ವಾರ್ಡಿನ ನರ್ಸ್ ನಾನು, ಈ ಮಾತು ದಿನಾ ಕೇಳುತ್ತೇನಮ್ಮ. ಮಕ್ಕಳು ಚೀಪಿದಷ್ಟೂ ಹಾಲು ಬರುತ್ತದೆ. ಇಬ್ಬರು ಕುಡಿದರೆ ಜಾಸ್ತಿಯೇ ಊರುತ್ತದೆ. ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಹೆದರಬೇಡಿ.

ಒಟ್ಟಿಗೇ ಕುಡಿಸಿ ನೋಡಿ. ಮಡಿಲಲ್ಲಿ ದಿಂಬು, ಎರಡೂ ಕಂಕುಳ ಕೆಳಗೆ ಒಂದೊಂದು ಮಗು, ಕಾಲು ನಿಮ್ಮ ಬೆನ್ನಿನ ಕಡೆಗೆ. ಸಿಸೇರಿಯನ್ ಆಗಿದ್ದರೂ ಹೊಲಿಗೆಯ ಮೇಲೆ ಭಾರ ಬೀಳಲ್ಲ. ಮಗು ಎತ್ತಿಕೊಡಲು ಅತ್ತೆಯವರನ್ನೇ ಕರೆಯಿರಿ, ಅವರಿಗೂ ಧೈರ್ಯ ಬರುತ್ತದೆ.

ಸಣ್ಣ ಮಗು ಬೇಗ ಸುಸ್ತಾದರೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಿ. ತೂಕ ಏರದಿದ್ದರೆ ತಡಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ.